ತಂತಿ ಮಲಗಿದ ಅರ್ಧ ತಾಸು

ಸರ್ಕಾರಕ್ಕೆ ತನ್ನ ಕಂಪನಿಗಳ ಆರೋಗ್ಯದ ಮೇಲೆ ಇದ್ದಕ್ಕಿದ್ದಂತೆ ಕಾಳಜಿ ಉಕ್ಕಿದರೆ ನೌಕರರು ಹೆದರಬೇಕು. ಆ ವರ್ಷ ಹಾಗೇ ಆಯಿತು. ಸರ್ಕಾರಿ ವಿದ್ಯುತ್ ಕಂಪನಿಗಳ ಹಣಕಾಸಿನ ಆರೋಗ್ಯಕ್ಕೆ ವರ್ಷಕ್ಕೊಮ್ಮೆ ಅಂಕ ಕೊಡಬೇಕು, ನೂರಕ್ಕೆ ನಲವತ್ತು ಬಾರದ ಕಂಪನಿಯನ್ನು ಮುಚ್ಚಿ ಕಂಬ ತಂತಿಗಳನ್ನು ಹರಾಜು ಹಾಕಬೇಕು ಎಂಬ ಕಾಯ್ದೆ ಬಂತು. ಬೆಣ್ಣೆಹಳ್ಳ ವಿದ್ಯುತ್ ನಿಗಮದ ಅಂಕ ಮೂವತ್ತೇಳು. ಅಳೆದು ವರದಿಗೆ ಸಹಿ ಹಾಕುವ ಕೆಲಸ ಲೆಕ್ಕಾಧಿಕಾರಿ ನೀಲಾಂಬಿಕಾಳ ತಲೆಗೆ ಬಂತು.

ನೀಲಾಂಬಿಕಾಳಿಗೆ ಈ ಕಂಪನಿ ಬರೀ ಸಂಬಳದ ಜಾಗವಾಗಿರಲಿಲ್ಲ. ಗಂಡ ಚೆನ್ನವೀರ ಸಿಕ್ಕಿದ್ದೂ ಇಲ್ಲೇ, ನೌಕರಿಗೆ ಸೇರುವ ದಿನ ಮೂಲ ದಾಖಲೆ ತೋರಿಸುವ ಸಾಲಿನಲ್ಲಿ. ಅವಳು ಗುಮಾಸ್ತಳಾಗಿ ಸೇರಿದಳು, ಅವನು ಲೈನ್‌ಮನ್ ಆಗಿ. ಅವಳು ಇಲಾಖೆಯ ಪರೀಕ್ಷೆ ಬರೆದು ಬರೆದು ಅಧಿಕಾರಿಯಾದಳು. ಅವನಿಗೂ ಬರೆಯಿರಿ ಎಂದು ಗಂಟುಬಿದ್ದರೆ, "ಕಂಬದ ಮ್ಯಾಲ ಗಾಳಿ ಚಲೋ ಬರ್ತೈತಿ. ನಿಮ್ಮ ಆಫೀಸಿನ್ಯಾಗ ಫ್ಯಾನಿಗೂ ಅರ್ಜಿ ಕೊಡಬೇಕು" ಎಂದು ನಗುತ್ತಿದ್ದ. ಹೆಂಡತಿಯನ್ನು 'ಸಾಹೇಬ್ರ' ಎಂದು ಕರೆದು ಅವಳ ಮುಖ ಕೆಂಪಾಗುವುದನ್ನು ನೋಡುವುದು ಅವನಿಗೆ ಬಲು ಇಷ್ಟ.

ಕಂಪನಿಯ ರೋಗ ಎಲ್ಲರಿಗೂ ಗೊತ್ತಿದ್ದದ್ದೇ. ರೈತರ ಪಂಪ್‌ಸೆಟ್ಟಿಗೆ ಪುಕ್ಕಟೆ ಕರೆಂಟು ಕೊಡಿ, ಹಣ ನಾವು ಕೊಡುತ್ತೇವೆ ಎಂದು ಸರ್ಕಾರ ಹೇಳಿತ್ತು. ಕರೆಂಟು ಹೋಯಿತು, ಹಣ ಬರಲಿಲ್ಲ. ಕೊಟ್ಟವನು ಕೋಡಂಗಿ, ಇಸಕೊಂಡವನು ವೀರಭದ್ರ. ಈಗ ಅದೇ ವೀರಭದ್ರ ಎದುರು ಕುರ್ಚಿ ಹಾಕಿಕೊಂಡು ಕೂತು, ನಿನ್ನ ಆರೋಗ್ಯ ಯಾಕೆ ಕೆಟ್ಟಿದೆ ಎಂದು ಕೇಳುತ್ತಿದ್ದ. ಸರ್ಕಾರದ ಬಾಕಿಗೆ ಅಂಕವಿಲ್ಲ ಎಂದು ಕಾಯ್ದೆಯಲ್ಲೇ ಬರೆದಿತ್ತು. ಕಡಿಮೆ ಬಿದ್ದ ಮೂರು ಅಂಕವನ್ನು ಕಂಪನಿ ತನ್ನ ಹೊಟ್ಟೆಯೊಳಗಿಂದಲೇ ಹುಡುಕಬೇಕಿತ್ತು.

ಹುಡುಕುವುದಕ್ಕೆ 'ನಾಡಿ' ಬಂತು. ಅದನ್ನು ಮಾಡಿದವರು ರಘೋತ್ತಮ ಕಟ್ಟಿ ಎಂಬ ವಿಜ್ಞಾನಿ. ತೆಳ್ಳಗಿನ ಮನುಷ್ಯ, ಮಾತಾಡುವಾಗಲೂ ಕಣ್ಣು ಗೋಡೆಯ ಪರದೆಯ ಮೇಲೇ. ಪ್ರತಿ ಸಬ್‌ಸ್ಟೇಷನ್ನಿನಿಂದ ತಂತಿಯೊಳಕ್ಕೆ ಒಂದು ಸಣ್ಣ ಮಿಡಿತ ಹೋಗುತ್ತದೆ, ಟಾರ್ಚಿನ ಸೆಲ್ಲಿಗಿಂತ ಬಡವಾದದ್ದು. ತಂತಿಗೆ ಏನು ತಾಗಿದ್ದರೂ ಆ ಮಿಡಿತ ಮರಳಿ ಬರುವಾಗ ಚೂರು ಬದಲಾಗಿರುತ್ತದೆ. ಆ ಬದಲಾವಣೆಯಿಂದಲೇ ಯಂತ್ರ ಗುರುತಿಸುತ್ತದೆ: ಇದು ಜಾಲಿಯ ಟೊಂಗೆ, ಇದು ಕದ್ದು ಹಾಕಿದ ಕೊಕ್ಕೆ, ಇದು ಮನುಷ್ಯನ ಕೈ. ಕರೆಂಟು ತೆಗೆದು ಮಲಗಿಸಿದ ತಂತಿಯಲ್ಲೂ ನಾಡಿ ಮಿಡಿಯುತ್ತಲೇ ಇರುತ್ತದೆ, ಕೈಗೆ ಗೊತ್ತೂ ಆಗುವುದಿಲ್ಲ. ಕಂಟ್ರೋಲ್ ರೂಮಿನ ಗೋಡೆಯ ತುಂಬ ಊರೂರಿನ ತಂತಿಗಳು ಹಸಿರು ಗೆರೆಗಳಾಗಿ ಮೂಡಿದವು. ಮೂಲೆಯಲ್ಲಿ ದೊಡ್ಡದಾಗಿ ಕಂಪನಿಯ ಅಂಕ.

ಮೊದಲು ಕಳ್ಳರು ಸಿಕ್ಕರು. ಕಲ್ಯಾಣ ಮಂಟಪಗಳು, ಐಸ್ ಫ್ಯಾಕ್ಟರಿ, ಒಬ್ಬ ಮಾಜಿ ಶಾಸಕರ ಈಜುಕೊಳ. ಅಂಕ ಮೂವತ್ತೊಂಬತ್ತರ ತನಕ ಬಂದು ಹಟಮಾರಿ ಕತ್ತೆಯ ಹಾಗೆ ನಿಂತುಬಿಟ್ಟಿತು. ಆಗ ಕಟ್ಟಿಯವರು ಗೋಡೆಯ ಮೇಲೆ ಬೂದು ಬಣ್ಣದ ತುಣುಕುಗಳನ್ನು ತೋರಿಸಿದರು.

"ಇಲ್ಲಿ ನೋಡ್ರಿ ಮೇಡಂ. ರಿಪೇರಿಗೆ ಅಂತ ಲೈನ್ ಬಂದ್ ಮಾಡ್ಯಾರ. ಕೆಲಸ ಮುಗಿದೈತಿ, ತಂತಿ ಮ್ಯಾಲ ಯಾರ ಕೈಯೂ ಇಲ್ಲ. ಆದ್ರೂ ಅರ್ಧ ತಾಸು ಲೈನ್ ಹಂಗ ಸತ್ತು ಬಿದ್ದಿರ್ತದ. ಎಲ್ಲಾ ಸೆಕ್ಷನ್ನಿನ್ಯಾಗೂ ಹಿಂಗ. ಈ ಅರ್ಧ ತಾಸಿನ್ಯಾಗ ಮಾರಲಾರದ ಕರೆಂಟು ಎಷ್ಟು ಅನ್ನೋದು ನೀವ ಲೆಕ್ಕ ಹಾಕ್ರಿ."

ನೀಲಾಂಬಿಕಾ ಲೆಕ್ಕ ಹಾಕಿದಳು. ಅದೊಂದೇ ಸಾಕಿತ್ತು, ಅಂಕ ನಲವತ್ತನ್ನು ಮುಟ್ಟುತ್ತಿತ್ತು.

ಆವತ್ತು ಸಂಜೆ ರೊಟ್ಟಿ ಬಡಿಯುತ್ತಾ ಗಂಡನನ್ನೇ ಕೇಳಿದಳು. ಚೆನ್ನವೀರ ಆಗಷ್ಟೇ ಕೈಕಾಲು ತೊಳೆದು ಬಂದಿದ್ದ. ಅತ್ತೆ ಗೌರವ್ವ ಮೂಲೆಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು.

"ಕೆಲಸ ಮುಗದ ಮ್ಯಾಲೂ ಲೈನ್ ಕ್ಲಿಯರ್ ಯಾಕ ವಾಪಸ್ ಕೊಡಂಗಿಲ್ರಿ ನೀವು? ಅರ್ಧ ತಾಸು ಏನ್ ಮಾಡ್ತೀರಿ?"

"ಚಾ ಕುಡಿತೀವಿ."

"ಬರೇ ಚಾ?"

"ಇಮಾಮ ಕಾಕಾನ ಚಾ ಅಂದ್ರ ಬರೇ ಚಾ ಅಲ್ಲ ಸಾಹೇಬ್ರ. ಶುಂಠಿ ಹಾಕಿರ್ತಾನ."

ಇಮಾಮಸಾಬ ಅವರ ಗ್ಯಾಂಗಿನ ಮೇಸ್ತ್ರಿ. ಕೆಲಸ ಮುಗಿಯುವ ಹೊತ್ತಿಗೆ ಕಂಬದ ಬುಡದಲ್ಲಿ ಮೂರು ಕಲ್ಲು ಹೂಡಿ ಚಹಾ ಕಾಯಿಸಿ, ಗ್ಯಾಂಗಿನಲ್ಲಿ ಎಷ್ಟು ಜನವೋ ಅಷ್ಟು ಗ್ಲಾಸುಗಳನ್ನು ಸಾಲಾಗಿ ಇಡುತ್ತಿದ್ದ. ಎಲ್ಲರೂ ಕುಡಿದಾದ ಮೇಲೆಯೇ ಸಬ್‌ಸ್ಟೇಷನ್ನಿಗೆ ಫೋನು ಮಾಡಿ, ಲೈನ್ ಕ್ಲಿಯರ್ ವಾಪಸ್, ಕರೆಂಟು ಬಿಡಿ ಎನ್ನುತ್ತಿದ್ದ. ಅವನ ಉಸ್ತಾದ ಹಾಗೆ ಮಾಡುತ್ತಿದ್ದನಂತೆ, ಉಸ್ತಾದನ ಉಸ್ತಾದನೂ. ಯಾಕೆ ಎಂದು ಯಾರೂ ಕೇಳಿರಲಿಲ್ಲ, ಯಾರೂ ಹೇಳಿಕೊಟ್ಟಿರಲಿಲ್ಲ. ಈ ಸೀಮೆಯ ಎಲ್ಲಾ ಗ್ಯಾಂಗುಗಳೂ ಹಾಗೇ ಕುಡಿಯುತ್ತಿದ್ದವು. ಕಚೇರಿಯಿಂದ ವಿಳಂಬಕ್ಕೆ ಕಾರಣ ಕೇಳಿ ಮೊಬೈಲಿಗೆ ಪ್ರಶ್ನೆ ಬಂದಾಗ, ಇಮಾಮಸಾಬ ತಲೆ ಕೆರೆದುಕೊಂಡು 'ವಿಶ್ರಾಂತಿ' ಎಂಬುದನ್ನು ಒತ್ತಿದ. ಸರ್ಕಾರಿ ಕಾಗದದಲ್ಲಿ ಚಹಾ ಎಂದು ಹೇಳಲು ಅವನಿಗೆ ನಾಚಿಕೆಯಾಗಿತ್ತು.

ಹಾಗೆ ಆ ಅರ್ಧ ತಾಸು ವರದಿಯಲ್ಲಿ 'ವ್ಯರ್ಥ ಕಾಲ' ಆಯಿತು. ನೀಲಾಂಬಿಕಾ ಶಿಫಾರಸು ಬರೆದು ಸಹಿ ಮಾಡಿದಳು: ಇನ್ನು ಮುಂದೆ ಲೈನ್ ಬಂದ್ ಮಾಡುವುದೂ ಬಿಡುವುದೂ ನಾಡಿಯ ಕೆಲಸ. ತಂತಿಯ ಮೇಲೆ ಮನುಷ್ಯನ ಕೈ ಇರುವ ತನಕ ಅದು ಕರೆಂಟು ಬಿಡುವುದಿಲ್ಲ. ತೊಂಬತ್ತು ಸೆಕೆಂಡು ಯಾರ ಕೈಯೂ ಕಾಣದಿದ್ದರೆ, ಗ್ಯಾಂಗಿನ ಎಲ್ಲರ ಫೋನಿಗೂ ಎಚ್ಚರಿಕೆಯ ಗಂಟೆ ಕಳಿಸಿ, ಬಿಡುತ್ತದೆ. ಹಿಂದೆ ರಿಪೇರಿಗೆ ಮೊದಲು, ತಪ್ಪಿ ಕರೆಂಟು ಬಂದರೂ ನೆಲಕ್ಕೆ ಇಳಿದುಹೋಗಲೆಂದು, ತಂತಿಗೂ ನೆಲಕ್ಕೂ ಸರಪಳಿ ಕಟ್ಟುತ್ತಿದ್ದರು. ಸರಪಳಿ ಇದ್ದರೆ ಮಿಡಿತ ನೆಲಕ್ಕೆ ಇಳಿದುಹೋಗಿ ನಾಡಿಗೆ ಏನೂ ಕಾಣುವುದಿಲ್ಲವೆಂದು ಅದನ್ನೂ ಬಿಡಿಸಿದರು. ಮನುಷ್ಯ ಮರೆಯುತ್ತಾನೆ, ಯಂತ್ರ ಮರೆಯುವುದಿಲ್ಲ ಎಂದು ಕಟ್ಟಿಯವರು ಹೇಳಿದ್ದು ಸುಳ್ಳೇನೂ ಆಗಿರಲಿಲ್ಲ.

ಗ್ಯಾಂಗಿನವರು ಗೊಣಗಿದರು. ಇಮಾಮಸಾಬ ಕೆಟಲನ್ನು ಮನೆಗೆ ಒಯ್ದ. "ನಮ್ಮ್ ಮನಿಯವರ ನಮ್ಮ್ ಚಾ ಕಸಗೊಂಡ್ರು" ಎಂದು ಚೆನ್ನವೀರ ಊರೆಲ್ಲಾ ಹೇಳಿಕೊಂಡು ತಿರುಗಿದ. ಅದರಲ್ಲಿ ಸಿಟ್ಟಿರಲಿಲ್ಲ, ಹೆಂಡತಿಯ ಮೇಲಿನ ಹೆಮ್ಮೆಯೇ ಇತ್ತು.

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಗೋಡೆಯ ಮೇಲಿನ ಅಂಕ ನಲವತ್ತಾಯಿತು.

ಕಂಟ್ರೋಲ್ ರೂಮಿನಲ್ಲಿ ಚಪ್ಪಾಳೆ ಬಿತ್ತು. ಕಂಪನಿಯ ನಿರ್ದೇಶಕರು ಪೇಢೆ ತರಿಸಿದರು. ಎಂದೂ ನಗದ ಕಟ್ಟಿಯವರೂ ನಕ್ಕರು. ನಾಲ್ಕು ಸಾವಿರ ಜನರ ಅನ್ನ ಉಳಿಯಿತಲ್ಲ ಎಂದುಕೊಂಡಳು ನೀಲಾಂಬಿಕಾ. ಈ ಸುದ್ದಿಯನ್ನು ಮೊದಲು ಯಾರಿಗೆ ಹೇಳಬೇಕು ಎಂಬುದರಲ್ಲಿ ಅನುಮಾನವೇ ಇರಲಿಲ್ಲ. ಪೇಢೆಯನ್ನು ಕೈಯಲ್ಲಿ ಹಿಡಿದುಕೊಂಡೇ ಕಿಟಕಿಯ ಹತ್ತಿರ ಹೋಗಿ ಫೋನು ಹಚ್ಚಿದಳು.

"ಏನ್ ಸಾಹೇಬ್ರ, ಕೆಲಸದ ಹೊತ್ತಿನ್ಯಾಗ ಗಂಡನ ನೆನಪು?"

"ನಲವತ್ತು ಆತ್ರಿ! ಈಗ, ಈಗಿಂದೀಗ ಆತು!"

"ಖರೇನ? ಅಂದ್ರ ನಮ್ಮ್ ನೌಕರಿ ಉಳೀತಲ?"

"ನಿಮ್ಮದಷ್ಟ ಅಲ್ರಿ, ಎಲ್ಲಾರ್ದೂ ಉಳೀತು."

"ಭಲೇ ನನ್ನ ಹೆಂಡ್ತಿ! ಇಲ್ಲಿಂದ ಕೂಗಿ ಊರಿಗೆಲ್ಲಾ ಹೇಳಲೇನು? ಅವ್ವಗ ಹೇಳಿದಿ?"

"ನಿಮಗ ಮೊದಲು."

ಆ ಕಡೆಯಿಂದ ಗಾಳಿಯ ಸದ್ದು ಕೇಳಿಸಿತು. ಆಮೇಲೆ ಮೆಲ್ಲಗೆ, "ಚಲೋ ಮಾಡಿದಿ ನೀಲಾ" ಎಂದ. ಹೆಸರು ಹಿಡಿದು ಕರೆಯುವುದು ಅವನಲ್ಲಿ ಅಪರೂಪ. ಇನ್ನೂ ಏನೇನೋ ಮಾತಾಡಿದರು, ಸಂಜೆ ಏನು ಅಡಿಗೆ, ಮುಂದಿನ ತಿಂಗಳು ಅವ್ವನ ಕಣ್ಣಿನ ಆಪರೇಷನ್ನು ಮಾಡಿಸೋಣ ಎಂದೆಲ್ಲ. "ಇಡ್ತೀನಿ, ಕೈಯಾಗ ಕೆಲಸ ಐತಿ" ಎಂದು ಅವನೇ ಇಟ್ಟ.

ಬೇರೆ ದಿನವಾಗಿದ್ದರೆ ಫೋನು ಎತ್ತಿದ ಕೂಡಲೇ ಅವಳು ಮೊದಲು ಕೇಳುತ್ತಿದ್ದದ್ದು 'ಎಲ್ಲಿದ್ದೀರಿ?' ಎಂದು. ಕಂಬದ ಮೇಲಿದ್ದೇನೆ ಎಂದರೆ ಆಮೇಲೆ ಮಾಡುತ್ತೇನೆಂದು ಇಟ್ಟುಬಿಡುತ್ತಿದ್ದಳು. ಆವತ್ತು ಸಂತೋಷದಲ್ಲಿ ಕೇಳಲಿಲ್ಲ.

ಚೆನ್ನವೀರ ಕಂಬದ ಮೇಲಿದ್ದ. ಸೊಂಟದ ಬೆಲ್ಟಿನ ಆಧಾರಕ್ಕೆ ಒರಗಿ, ತಂತಿಯಿಂದ ಎರಡೂ ಕೈ ತೆಗೆದು, ಮಾತಾಡುತ್ತಿದ್ದ. ನಾಡಿ ತೊಂಬತ್ತು ಸೆಕೆಂಡು ಕಾಯಿತು. ಅದಕ್ಕೆ ಯಾರ ಕೈಯೂ ಕಾಣಲಿಲ್ಲ. ಎಲ್ಲರ ಫೋನಿಗೂ ಗಂಟೆ ಕಳಿಸಿತು. ಚೆನ್ನವೀರನ ಫೋನು ಹೆಂಡತಿಯ ದನಿಯಿಂದ ತುಂಬಿತ್ತು. ಕೆಳಗಿದ್ದವರಿಗೆ ಗಂಟೆ ಕೇಳಿಸಿತು, ಆದರೆ ಅವನಿದ್ದ ಕಂಬ ಜಾಲಿ ಗಿಡಗಳ ಆಚೆ ಇತ್ತು. ಇಳಿದು ಆ ಕಡೆಯಿಂದ ಬರುತ್ತಿರಬೇಕು ಅಂದುಕೊಂಡರು. ಕರೆಂಟು ಬಂತು. ಅವನು ಫೋನನ್ನು ಜೇಬಿಗಿಳಿಸಿ, ಉಳಿದ ಒಂದು ಕಟ್ಟು ಬಿಗಿಯಲು ಕೈ ಚಾಚಿದ.

ಗೋಡೆಯ ಮೇಲೆ ಒಂದು ಚುಕ್ಕೆ ಕೆಂಪಗೆ ಹೊತ್ತಿ ಆರಿತು. ನೀಲಾಂಬಿಕಾ ಅದನ್ನು ಕಣ್ಣಾರೆ ನೋಡಿದಳು. ಪಕ್ಕದಲ್ಲಿದ್ದವರು ಯಾರೋ, "ಕಾಗಿ ಇರಬೇಕು" ಎಂದರು. ಅವಳು ಪೇಢೆಯನ್ನು ಬಾಯಿಗೆ ಹಾಕಿಕೊಂಡಳು.

ಮಣ್ಣು ಮಾಡಿ ಬಂದ ಮೇಲೆ ಗ್ಯಾಂಗಿನವರು ಅಂಗಳದಲ್ಲಿ ಕೂತರು. ಇಮಾಮಸಾಬ ಗೋಡೆಗೆ ಒರಗಿ ತನ್ನಷ್ಟಕ್ಕೆ ತಾನೇ ಏನೋ ಹೇಳುತ್ತಿದ್ದ. ಹತ್ತಿರ ಹೋದಾಗ ನೀಲಾಂಬಿಕಾಳಿಗೆ ಕೇಳಿಸಿತು.

"ಚಾ ಇಟ್ಟಿದ್ರ ಒಂದು ಗ್ಲಾಸ್ ಉಳೀತಿತ್ತು. ಯಾರದು ಈ ಗ್ಲಾಸ್ ಅಂತ ಕೇಳ್ತಿದ್ದೆ. ಚೆನ್ನನ್ದು, ಅಂವ ಇನ್ನೂ ಇಳದಿಲ್ಲ ಅಂತಿದ್ರು. ಅಷ್ಟ ಆಗ್ತಿತ್ತು." ಅವನು ಮುಖ ಎತ್ತಿದ. "ಅದಕ್ಕ ಚಾ ಕುಡಿತಿದ್ವಿ ತಂಗಿ. ಮೂವತ್ತು ವರ್ಷ ಕುಡದೆ, ಯಾಕ ಅನ್ನೋದು ಇವತ್ತ ತಿಳೀತು. ನೀ ಕೇಳಿದಾಗ ಗೊತ್ತಿದ್ರ ಹೇಳ್ತಿದ್ದೆ. ವಿಶ್ರಾಂತಿ ಅಂತ ಒತ್ತಿಬಿಟ್ಟೆ."

ಅವನು ಹಣೆ ಚಚ್ಚಿಕೊಂಡು ಅತ್ತ. ಅವಳಿಗೆ ಅಳು ಬರಲಿಲ್ಲ. ತನ್ನ ಫೋನಿನ ಸಂಗತಿ ಹೇಳದೆಯೇ ಒಳಗೆ ಹೋದಳು.

ಹನ್ನೊಂದನೆಯ ದಿನದ ಕಾರ್ಯ ಮುಗಿಸಿ ಕಚೇರಿಗೆ ಹೋದಾಗ ಕಂಟ್ರೋಲ್ ರೂಮಿನ ಮೇಜಿನ ಮೇಲೆ ವರದಿ ಕೊನೆಯ ಸಹಿಗೆ ಕಾದಿತ್ತು. ನಾಡಿಯ ಲೆಕ್ಕದಲ್ಲಿ ಚೆನ್ನವೀರನ ಸಾವನ್ನು ಇನ್ನೂ ಸೇರಿಸಿರಲಿಲ್ಲ. ಬೇರೆಯವರು ಸೇರಿಸುವುದು ಬೇಡವೆಂದು ಅವಳೇ ಸೇರಿಸಿದಳು: ನಿಂತುಹೋದ ಸಂಬಳ ಒಂದು ಕಡೆ, ಪರಿಹಾರದ ಹಣ ಇನ್ನೊಂದು ಕಡೆ. ಆಮೇಲೆ ಗೋಡೆಯ ಮೇಲಿನ ಅಂಕವನ್ನು ನೋಡುತ್ತಾ ಕೂತಳು. ಏರಲಿ, ಇಳಿಯಲಿ, ಏನಾದರೂ ಒಂದು ಆಗಲಿ ಎಂದು ಕಾದಳು. ಅಂಕ ಅಲುಗಲೇ ಇಲ್ಲ. ಇಷ್ಟು ದೊಡ್ಡ ಕಂಪನಿಯಲ್ಲಿ ಅವನು ದಶಾಂಶದ ಆಚೆ ಎಲ್ಲೋ ಕಳೆದುಹೋಗಿದ್ದ. ಆಗ ಅವಳಿಗೆ ಅಳು ಬಂತು. ಎಷ್ಟು ಅತ್ತಳೆಂದರೆ ಪರದೆಯ ಮುಂದೆ ಕೂತಿದ್ದ ಕಟ್ಟಿಯವರು ಎದ್ದು ಹೊರಗೆ ಹೋಗಿ ಬಾಗಿಲು ಮುಂದೆ ಮಾಡಿ ನಿಂತರು.

"ತಂತಿ ಮುಟ್ಟದ, ಹತ್ತಿರ ಇದ್ದವರನ್ನೂ ನಾಡಿ ಕಾಣೂ ಹಂಗ ಮಾಡಾಕ ಬರೂದಿಲ್ಲೇನ್ರಿ?" ಎಂದು ಆಮೇಲೆ ಕೇಳಿದಳು.

"ಬರ್ತದ. ಕಂಬಕ್ಕೊಂದು ಯಂತ್ರ ಬೇಕು ಮೇಡಂ. ಆ ಖರ್ಚು ಹಿಡಿದ್ರ ಅಂಕ ಮೂವತ್ತರ ಕೆಳಗ ಹೋಗ್ತದ."

"ಅರ್ಧ ತಾಸು ವಾಪಸ್ ಕೊಟ್ರ?"

"ಮೂವತ್ತೊಂಬತ್ತು." ಅವರು ಮೊದಲ ಸಲ ಅವಳ ಮುಖ ನೋಡಿ ಮಾತಾಡಿದರು. "ಕಂಪನಿ ಮುಚ್ತದ. ಒಂದು ಮಾತ್ರ ಐತ್ರಿ. ಕಡೀ ವರದಿಯೊಳಗ ಕೆಲಸದ ಕ್ರಮ ಹೆಂಗ ಬರದಿರ್ತದೋ, ಹರಾಜಿನ್ಯಾಗ ತಗೊಂಡವರು ಅದನ್ನ ಹತ್ತು ವರ್ಷ ಬದಲಿ ಮಾಡೂ ಹಂಗಿಲ್ಲ. ಕಾಯ್ದೆಯೊಳಗ ಐತಿ."

ಅಂದರೆ ಕಂಪನಿ ಉಳಿದರೆ ಅರ್ಧ ತಾಸು ಹೋಗುತ್ತದೆ, ಅರ್ಧ ತಾಸು ಉಳಿದರೆ ಕಂಪನಿ ಹೋಗುತ್ತದೆ. ನಡುವಿನ ದಾರಿ ಇರಲಿಲ್ಲ.

ಅವಳು ಸೆಕ್ಷನ್ ಆಫೀಸಿಗೆ ಹೋಗಿ ಗ್ಯಾಂಗಿನವರ ಮುಂದೆ ಇದನ್ನೇ ಇಟ್ಟಳು. ಇಮಾಮಸಾಬನೇ ಮೊದಲು ಬಾಯಿ ಬಿಟ್ಟ.

"ಸಹಿ ಮಾಡವ್ವಾ, ಕಂಪನಿ ಇರಲಿ. ನಂದು ಇನ್ನ ಮೂರು ವರ್ಷ ಸರ್ವೀಸ್ ಐತಿ. ಮಗಳ ಲಗ್ನ ಆಗಬೇಕು. ನಾವು ಹುಷಾರಿಂದ ಇರ್ತೀವಿ, ಒಬ್ಬರನ್ನೊಬ್ಬರು ಕೂಗಿ ಕೇಳ್ತೀವಿ."

"ಕಾಕಾ, ಆವತ್ತೂ ನೀವು ಹುಷಾರಿಂದನ ಇದ್ರಿ."

ಅವನು ತಲೆ ತಗ್ಗಿಸಿದ. "ಕಂಬದ ಮ್ಯಾಲ ಸಾಯೂದು ಒಬ್ಬ, ತಂಗಿ. ಕಂಪನಿ ಹೋದ್ರ ಸಾವಿರಾರು ಮನಿ ಒಲಿ ಆರ್ತಾವು."

ಲೆಕ್ಕದ ಪ್ರಕಾರ ಅವನು ಹೇಳಿದ್ದೇ ಸರಿ. ಅವಳೂ ಮೊದಲು ಅದೇ ಲೆಕ್ಕ ಹಾಕಿದ್ದಳು.

ಮನೆಗೆ ಬಂದವಳೇ ಅತ್ತೆಯ ಎದುರು ನೆಲದ ಮೇಲೆ ಕೂತಳು. ಗೌರವ್ವನ ಕಣ್ಣಿಗೆ ಪೊರೆ ಬಂದು ಎಲ್ಲಾ ಮಸುಕಾಗಿತ್ತು, ಆದರೂ ಸೊಸೆಯ ಮುಖ ಎಲ್ಲಿದೆಯೆಂದು ಅವಳ ಕೈಗೆ ಗೊತ್ತಿತ್ತು. ಕೆನ್ನೆ ಸವರಿದಳು. ನೀಲಾಂಬಿಕಾ ಹೇಳಿಬಿಟ್ಟಳು.

"ಅತ್ತಿ, ಅವರು ಕಂಬದ ಮ್ಯಾಲಿದ್ದಾಗ ಫೋನ್ ಮಾಡಿದಾಕಿ ನಾನ. ನನ್ನ ಕೂಡ ಮಾತಾಡಾಕಂತ ತಂತಿ ಬಿಟ್ರು. ಅದಕ್ಕ ಯಂತ್ರಕ್ಕ ಕಾಣಲಿಲ್ಲ. ನಾನ ಕೊಂದೆ ಅತ್ತಿ."

ಕೆನ್ನೆಯ ಮೇಲಿನ ಕೈ ಹಾಗೇ ನಿಂತಿತು. ಹೊರಗೆ ಯಾರದೋ ಎಮ್ಮೆ ಒದರಿತು.

"ಗಂಡಗ ಫೋನ್ ಮಾಡೂದು ತಪ್ಪಲ್ಲವ್ವಾ," ಎಂದಳು ಗೌರವ್ವ. "ಸಂತೋಷ ಆದ್ರ ಮತ್ಯಾರಿಗೆ ಹೇಳ್ತಿ? ಫೋನಿನಿಂದ ಅಂವ ಕೈ ಬಿಟ್ಟ, ಹೌದು. ಕರೆಂಟು ಬಂದದ್ದು ನಿನ್ನ ಫೋನಿನಿಂದ ಅಲ್ಲ."

ಅಷ್ಟು ಹೇಳಿ ಕೈ ತೆಗೆದಳು. ಕರೆಂಟು ಬಂದದ್ದು ಯಾವುದರಿಂದ ಎಂದು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಆ ಶಿಫಾರಸಿನ ಕೆಳಗಿನ ಸಹಿ ಯಾರದೆಂದು ಮನೆಯ ಇಬ್ಬರಿಗೂ ಗೊತ್ತಿತ್ತು. ಅತ್ತೆ ಬೈದಿದ್ದರೆ ಎದೆಯ ಭಾರ ಸ್ವಲ್ಪವಾದರೂ ಇಳಿಯುತ್ತಿತ್ತೇನೋ.

ಮರುದಿನ ನೀಲಾಂಬಿಕಾ 'ವ್ಯರ್ಥ ಕಾಲ' ಎಂಬುದನ್ನು ಹೊಡೆದುಹಾಕಿ, ಎಲ್ಲರೂ ನೆಲಕ್ಕಿಳಿದು ಮುಖ ಮುಖ ನೋಡಿಕೊಳ್ಳುವ ಕಾಲ, ಅರ್ಧ ತಾಸು, ಕಡ್ಡಾಯ ಎಂದು ಬರೆದಳು. ತಂತಿಗೆ ಸರಪಳಿ ಕಟ್ಟಬೇಕೆಂದೂ, ಮೇಸ್ತ್ರಿ ಹೇಳಿದ ಮೇಲೆಯೇ ಕರೆಂಟು ಬಿಡಬೇಕೆಂದೂ ಬರೆದಳು. ಗೋಡೆಯ ಮೇಲೆ ಅಂಕ ಮೂವತ್ತೊಂಬತ್ತಕ್ಕೆ ಇಳಿಯಿತು. ನಿರ್ದೇಶಕರು ಕೂಗಾಡಿದರು, ಆಮೇಲೆ ಕೈ ಮುಗಿದರು. ಅವಳು ಸಹಿ ಹಾಕಿದಳು.

ಕಂಪನಿ ಮುಚ್ಚಿತು. ಕಂಬ, ತಂತಿ, ನಾಡಿ, ಎಲ್ಲವನ್ನೂ ದೂರದ ಒಂದು ಖಾಸಗಿ ಸಂಸ್ಥೆ ಕೊಂಡಿತು. ವಯಸ್ಸಾದ ಲೈನ್‌ಮನ್‌ಗಳು ಅವರಿಗೆ ಬೇಕಿರಲಿಲ್ಲ. ಇಮಾಮಸಾಬನ ಮಗಳ ಲಗ್ನ ಮುರಿದುಬಿತ್ತು. ಪೇಟೆಯಲ್ಲಿ ಎದುರಾದರೆ ಅವನು ಬೈಯುತ್ತಿರಲಿಲ್ಲ, ರಸ್ತೆಯ ಆಚೆ ಬದಿಗೆ ದಾಟಿಕೊಳ್ಳುತ್ತಿದ್ದ. ಅವನ ಹಿಂದೆ ಓಡಿಹೋಗಿ ಕಾಕಾ ಎಂದು ಕರೆಯಬೇಕೆಂದು ಅವಳಿಗೆ ಪ್ರತಿ ಸಲ ಅನಿಸುತ್ತಿತ್ತು, ಆದರೂ ತನ್ನ ದಾರಿ ಹಿಡಿಯುತ್ತಿದ್ದಳು. ನೌಕರಿ ಅವಳದೂ ಹೋಗಿತ್ತು. ಕಾಳುಕಡಿ ಮಾರಿಸಿಕೊಡುವ ಒಂದು ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದಳು.

ಮರುವರ್ಷದ ಬೇಸಿಗೆ. ಭಾನುವಾರ ಮಧ್ಯಾಹ್ನ ಅತ್ತೆ ಸೊಸೆ ಊಟಕ್ಕೆ ಕೂತಿದ್ದರು. ಫ್ಯಾನು ನಿಧಾನವಾಗಿ ನಿಂತಿತು. ಓಣಿಯಲ್ಲಿ ರಿಪೇರಿಯ ಗಾಡಿ ಹಾದುಹೋದ ಸದ್ದನ್ನು ಬೆಳಿಗ್ಗೆ ಕೇಳಿದ್ದರು. ಸೆಕೆ ಏರಿತು. ಬಹಳ ಹೊತ್ತಾದ ಮೇಲೆ ಪಕ್ಕದ ಮನೆಯವರು ಬಾಗಿಲಿಗೆ ಬಂದು ಒದರಿದರು: "ಕೆಲಸ ಮುಗಿಸಿ ಕೆಳಗ ಕುಂತಾರಂತ ನೋಡ್ರಿ! ಹೊಸಾ ಹುಡುಗುರು, ಕೇಳಿದ್ರ ರೂಲ್ಸ್ ಐತಿ ಅಂತಾರ, ಯಾಕ ಅಂತ ಅವ್ರಿಗೂ ಗೊತ್ತಿಲ್ಲ. ಯಾವ ಮೂಳ ಮಾಡ್ಯಾನೋ ಈ ರೂಲ್ಸ್!"

ನೀಲಾಂಬಿಕಾ ಕಲಸಿದ ಅನ್ನವನ್ನು ಹಾಗೇ ಬಿಟ್ಟಳು. ಗೌರವ್ವನ ಬೆನ್ನು ಬೆವೆತು ಸೀರೆ ಅಂಟಿಕೊಂಡಿತ್ತು.

"ಗಾಳಿ ಹಾಕಲೇನತ್ತಿ?"

"ಬ್ಯಾಡ," ಎಂದಳು ಗೌರವ್ವ. ಅವಳ ಮಸುಕು ಕಣ್ಣು ನಿಂತ ಫ್ಯಾನಿನ ಕಡೆ ಇತ್ತು. "ಅವಸರ ಇಲ್ಲ. ಎಲ್ಲಾರೂ ಇಳೀಲಿ."

ಇಬ್ಬರೂ ಸೆಕೆಯಲ್ಲಿ ಕೂತು, ಕರೆಂಟು ಇನ್ನೂ ಬರದಿರಲಿ ಎಂದು ಕಾದರು.